ಗುಳ್ಳೆಪಾಚಿ

ಇಪ್ಪತ್ತೆರಡು ವರ್ಷ ಅವಳು ಬೇರೆಯವರು ಹೆಸರಿಟ್ಟ ಗಿಡಗಳನ್ನು ಹಾಳೆಗೆ ಅಂಟಿಸಿದಳು. ಸಸ್ಯ ಸಂಗ್ರಹಾಲಯದ ಎರಡನೇ ಮಹಡಿಯಲ್ಲಿ, ಸಾಲಾಗಿ ನಿಂತ ಕಬ್ಬಿಣದ ಬೀರುಗಳ ನಡುವೆ, ಕಿಟಕಿ ಪಕ್ಕದ ಉದ್ದ ಮೇಜು ಅವಳದು. ಒಣಗಿಸಿದ ಗಿಡ ಬರುತ್ತಿತ್ತು, ಅದರ ಜೊತೆ ಒಂದು ಚೀಟಿ ಬರುತ್ತಿತ್ತು. ಬೇರು ಕೆಳಗೆ, ಹೂವು ಮೇಲೆ, ಒಂದೆಲೆಯಾದರೂ ಮಗುಚಿ ಬೆನ್ನು ಕಾಣುವ ಹಾಗೆ ಇಟ್ಟು, ಅಂಟು ಸವರಿ, ದಪ್ಪ ಕಾಂಡವಿದ್ದರೆ ಎರಡು ಹೊಲಿಗೆ ಹಾಕಿ, ಮೇಲೆ ಮರಳಿನ ಚೀಲ ಹೇರುತ್ತಿದ್ದಳು. ಎಲ್ಲರೂ ಅವಳನ್ನು ಹಾಳೆಯಕ್ಕ ಅನ್ನುತ್ತಿದ್ದರು. ಗಿಡ ಕಂಡ ಕೂಡಲೇ ಅದರ ಹೆಸರು ಅವಳ ನಾಲಿಗೆ ತುದಿಗೆ ಬರುತ್ತಿತ್ತು. ಆದರೆ ಚೀಟಿಯಲ್ಲಿ ‘ಗುರುತಿಸಿದವರು’ ಅನ್ನುವ ಸಾಲಿನ ಮುಂದೆ ಯಾವಾಗಲೂ ಇನ್ನೊಬ್ಬರ ಸಹಿ.

ನಲವತ್ತನಾಲ್ಕನೇ ವಯಸ್ಸಿಗೆ ಅವಳು ಇಲಾಖೆಯ ಪರೀಕ್ಷೆಗೆ ಕೂತಳು. ಒಂದು ಸಲ ಡುಮ್ಕಿ ಹೊಡೆದು ಎರಡನೇ ಸಲ ಪಾಸಾದಳು. ಅದೇ ವರ್ಷ ಅಲ್ಲಿದ್ದ ಹಿರಿಯ ತಜ್ಞರು ನಿವೃತ್ತರಾದರು. ಬೇರೆ ಯಾರೂ ಸಿಗದೆ, ಅವರ ಕುರ್ಚಿಯೂ ಸಹಿ ಹಾಕುವ ಅಧಿಕಾರವೂ ಅವಳ ಪಾಲಿಗೆ ಬಂದವು. ಸುದ್ದಿ ಕೇಳಿದ ಅಮ್ಮ, “ಹಾಗಾದ್ರೆ ಇನ್ನು ಮೇಲೆ ಕೈಗೆ ಅಂಟು ಹತ್ತಲ್ಲ ಅನ್ನು” ಅಂದಳು.

“ಹತ್ತತ್ತೆ ಅಮ್ಮ. ಅಂಟಿಸೋಕೆ ಬೇರೆ ಯಾರಿದ್ದಾರೆ?”

“ಮತ್ತೆ ಹೆಚ್ಚಾಗಿದ್ದೇನೇ?”

“ಹೆಸರು” ಅಂದಳು ಅವಳು. ಅಮ್ಮನಿಗೆ ಅದು ಅರ್ಥವಾಗಲಿಲ್ಲ. ಅವಳಿಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಇನ್ನೊಬ್ಬ ಹತ್ತಿರದವನು ಅಂದರೆ ಮಾವ, ಅಮ್ಮನ ತಮ್ಮ. ಊರಂಚಿನ ಕೆರೆಯಲ್ಲಿ ಅವನದೊಂದು ದೋಣಿ ಇತ್ತು. ಮೀನು ಹಿಡಿಯುತ್ತಿದ್ದ, ಜೊಂಡು ಕೊಯ್ದು ಚಾಪೆಯವರಿಗೆ ಕೊಡುತ್ತಿದ್ದ. ಏಳನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡ ಹುಡುಗಿಯನ್ನು ದಿನಾ ಬೆಳಿಗ್ಗೆ ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡದ ಶಾಲೆಗೆ ಬಿಟ್ಟವನು ಅವನು. ಗಿಡಗಳ ಹೆಸರನ್ನು ಅವಳಿಗೆ ಮೊದಲು ಕಲಿಸಿದವನೂ ಅವನೇ. ಅವು ಯಾವ ಪುಸ್ತಕದಲ್ಲೂ ಇಲ್ಲದ ಹೆಸರುಗಳು. ಆಫೀಸಿನಲ್ಲಿ ಯಾರಾದರೂ ಮನೆ ಕಡೆ ವಿಚಾರಿಸಿದರೆ ಅವಳು, “ನಮ್ಮ ಮಾವ ಸ್ವಂತ ವ್ಯವಹಾರ ನೋಡ್ಕೊಳ್ತಾರೆ” ಅನ್ನುತ್ತಿದ್ದಳು. ಸುಳ್ಳೇನಲ್ಲ, ದೋಣಿ ಸ್ವಂತದ್ದೇ.

ಅಧಿಕಾರ ಕೈಗೆ ಬಂದ ಮೂರನೇ ತಿಂಗಳಲ್ಲಿ ನಗರಸಭೆಯಿಂದ ಒಂದು ಕಾಗದ ಬಂತು. ಅದೇ ಕೆರೆಯ ವಿಷಯ. ಕೆರೆಯಲ್ಲಿ ನೀರೊಳಗಿನ ಗಿಡವೊಂದು ಹಬ್ಬಿದೆ. ಅದು ಯಾವುದು ಅಂತ ಗುರುತಿಸಿ ಬರೆದುಕೊಡಬೇಕು. ಹೊರಗಿನಿಂದ ಬಂದ ಕಳೆಯಾದರೆ ಇಡೀ ಕೆರೆಯನ್ನು ಯಂತ್ರದಿಂದ ಬಾಚಿ ಔಷಧಿ ಹೊಡೆಯಬಹುದು. ಈ ನೆಲದ್ದೇ ಗಿಡವಾದರೆ ಅದಿರುವ ಜಾಗವನ್ನು ಮುಟ್ಟುವಂತಿಲ್ಲ. ಜೊತೆಗೆ, ಕೆರೆ ಬಾಚುವ ಗುತ್ತಿಗೆದಾರರ ಕಡೆಯವರು ಹಳೇ ಪತ್ರಿಕೆಯಲ್ಲಿ ಸುತ್ತಿ ಒಣಗಿಸಿದ, ಆ ಗಿಡದ ಎರಡು ಎಳೆ.

ನಿರ್ದೇಶಕರು ಕಡತವನ್ನು ಅವಳ ಮೇಜಿನ ಮೇಲಿಟ್ಟು, “ನಾಳೆ ಸಂಜೆಯೊಳಗೆ ಆಗತ್ತಾ?” ಅಂದರು. “ಬೇಕಾದ್ರೆ ಹಳೇ ಸಾಹೇಬರನ್ನ ಒಂದ್ಮಾತು ಕೇಳಿ.”

“ಬೇಡ ಸರ್, ನಾನೇ ನೋಡ್ತೀನಿ” ಅಂದಳು. ಯಾರನ್ನೂ ಕೇಳದೆ ಮಾಡುವ ಮೊದಲ ದೊಡ್ಡ ಕೆಲಸ ಅದು.

ಪತ್ರಿಕೆ ಬಿಚ್ಚಿದಳು. ಒಳಗಿದ್ದದ್ದು ಕೂದಲಿನ ಹಾಗೆ ಸೀಳಿದ ಎಲೆಗಳ ಒಂದು ಕಂದು ಮುದ್ದೆ. ಹೂವಿಲ್ಲ. ಯಾರೋ ನೀರು ಹಿಂಡಿ, ಮಡಚಿ, ಮೇಲೆ ಏನೋ ಭಾರ ಇಟ್ಟಿದ್ದರು. ಇಂಥ ಎಲೆ ಇರುವ ಗಿಡ ಎರಡು. ಒಂದು ಬೀಸಣಿಗೆ ಕಳೆ. ಗಾಜಿನ ತೊಟ್ಟಿಯ ಮೀನಿಗೆಂದು ಹೊರಗಿನಿಂದ ತರಿಸಿ, ಬೇಜಾರಾದ ಮೇಲೆ ಜನ ಕೆರೆಗೆ ಎಸೆದದ್ದು. ಅದರ ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಯಾಗಿರುತ್ತವೆ. ಇನ್ನೊಂದು ಇಲ್ಲಿನದೇ, ಹುಳ ತಿನ್ನುವ ಗಿಡ. ಅದಕ್ಕೆ ಬೇರು ಅನ್ನುವುದೇ ಇಲ್ಲ. ಎಲೆಗಳು ಒಂದು ಅತ್ತ ಒಂದು ಇತ್ತ. ಎಲೆ ಸೀಳುಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಪ್ರತಿ ಚೀಲದ ಬಾಯಿಗೂ ಒಳಮುಖವಾಗಿ ತೆರೆಯುವ ಬಾಗಿಲು, ಬಾಗಿಲ ಮುಂದೆ ಕೂದಲು. ನೀರಹುಳ ಆ ಕೂದಲಿಗೆ ತಗುಲಿದ್ದೇ ತಡ, ಬಾಗಿಲು ತೆರೆದು ಚೀಲ ಅದನ್ನು ನೀರಿನ ಸಮೇತ ಗಬಕ್ಕನೆ ಒಳಗೆಳೆದುಕೊಳ್ಳುತ್ತದೆ. ಚೀಲ ಕಂಡರೆ ಮಾತೇ ಮುಗಿಯಿತು. ಆದರೆ ಒರಟಾಗಿ ಒಣಗಿಸಿದರೆ ಮೊದಲು ಉದುರುವುದೂ ಆ ಚೀಲಗಳೇ.

ಚಿಕ್ಕವಳಿದ್ದಾಗ ಮಾವ ಕೆರೆಯ ಹಿಂಬದಿ ಮೂಲೆಯಲ್ಲಿ ಆ ಹುಳ ತಿನ್ನುವ ಗಿಡವನ್ನೇ ತೋರಿಸಿ ಗುಳ್ಳೆಪಾಚಿ ಅಂದದ್ದು ಅವಳಿಗೆ ನೆನಪಿತ್ತು. ಆದರೆ ಅದು ಮೂವತ್ತೇಳು ವರ್ಷದ ಹಿಂದಿನ ಮಾತು. ಆಮೇಲೆ ಬೀಸಣಿಗೆ ಕಳೆ ನುಗ್ಗದ ಕೆರೆ ಯಾವುದಿದೆ?

ಅಂದು ಮಧ್ಯಾಹ್ನ ಕೆಳಗಿನ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಇಳಿದು ಹೋದರೆ ಮಾವ. ಮೊಣಕಾಲ ತನಕ ಒದ್ದೆ ಲುಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋರುವ ಪ್ಲಾಸ್ಟಿಕ್ ಬಕೆಟ್ಟು. ಈಗತಾನೆ ಒರೆಸಿದ ನೆಲದ ಮೇಲೆ ನೀರು ಹರಿಯುತ್ತಿತ್ತು, ಕಾವಲುಗಾರ ಬೈಯುತ್ತಿದ್ದ.

“ಪುಟ್ಟೀ!” ಮಾವನ ಮುಖ ಅರಳಿತು. “ಕಾಗದ ನಿನ್ನ ಹತ್ರಾನೇ ಬಂದಿದೆಯಂತಲ್ಲೇ! ಅವ್ರು ದಡದಲ್ಲಿ ಸತ್ತುಬಿದ್ದಿದ್ದನ್ನ ಎತ್ಕೊಂಡು ಬಂದಿದ್ದಾರೆ. ನಾನು ಜೀವಂತ ತಂದಿದ್ದೀನಿ, ನೋಡು.” ಬಕೆಟ್ಟಿನಿಂದ ಒಂದು ಹಿಡಿ ಎತ್ತಿದ. “ಕಿವಿ ಹತ್ರ ಇಟ್ಕೊ. ನೀರಿಂದ ಎತ್ತಿದ್ರೆ ಚಿಟಚಿಟ ಅನ್ನತ್ತೆ. ಚಿಕ್ಕೋಳಿದ್ದಾಗ ಕೇಳಿ ಎಷ್ಟು ನಗ್ತಿದ್ದೆ!”

ಅವಳು ಸುತ್ತ ನೋಡಿದಳು. ಕಾವಲುಗಾರ ನಗುತ್ತಿದ್ದ. ಗುಮಾಸ್ತರಿಬ್ಬರು ಮೆಟ್ಟಿಲ ಮೇಲೆ ನಿಂತಿದ್ದರು.

“ಮಾವ, ಹೀಗೆಲ್ಲ ತರಬಾರದು. ಇಲ್ಲಿ ಒಂದು ಪದ್ಧತಿ ಇದೆ. ಅರ್ಜಿ ತುಂಬಬೇಕು, ಒಣಗಿಸಿ ತರಬೇಕು” ಅಂದಳು ಸಣ್ಣ ದನಿಯಲ್ಲಿ.

“ಒಣಗಿಸಿದ್ರೆ ಗುಳ್ಳೆ ಎಲ್ಲಿ ಉಳಿಯತ್ತೆ ಪುಟ್ಟಿ? ಒಂದ್ಸಲ ನೋಡೇ. ಇಲ್ಲಾಂದ್ರೆ ಸಂಜೆ ಕೆರೆ ಹತ್ರ ಬಾ, ದೋಣಿಯಲ್ಲಿ ಕರ್ಕೊಂಡು ಹೋಗ್ತೀನಿ.”

ಅಷ್ಟರಲ್ಲಿ ನಿರ್ದೇಶಕರು ಊಟ ಮುಗಿಸಿಕೊಂಡು ಒಳಗೆ ಬಂದರು. ನೀರು ದಾಟಿ ನಿಂತು, “ಯಾರಮ್ಮ ಇವರು?” ಅಂದರು.

“ಯಾರೋ ಕೆರೆ ಕಡೆಯವರು ಸರ್” ಅಂದಳು ಅವಳು. “ಕಾಗದದ ವಿಷಯಕ್ಕೆ ಬಂದಿದ್ದಾರೆ.”

ಮಾವ ಎತ್ತಿದ್ದ ಕೈಯನ್ನು ನಿಧಾನವಾಗಿ ಬಕೆಟ್ಟಿಗೆ ಇಳಿಸಿದ. ಅವಳ ಮುಖ ನೋಡಲಿಲ್ಲ. “ಹೌದು ಸಾಮಿ, ಕೆರೆ ಕಡೆಯವನು” ಅಂದ. ಬಕೆಟ್ಟನ್ನು ಬಾಗಿಲ ಪಕ್ಕ ಇಟ್ಟು, ಟವೆಲಿನಿಂದ ನೆಲ ಒರೆಸಿ ಹೊರಟುಹೋದ. ಸಂಜೆ ಮನೆಗೆ ಹೊರಟಾಗ ಅವಳು ಬಕೆಟ್ಟಿನೊಳಗೆ ಇಣುಕಿದಳು. ಕಾವಲುಗಾರ ಅದನ್ನು ಆಗಲೇ ಚರಂಡಿಗೆ ಚೆಲ್ಲಿ, ತೊಳೆದು, ಗಾಡಿ ಒರೆಸಲು ಇಟ್ಟುಕೊಂಡಿದ್ದ.

ಮಾರನೇ ದಿನ ಬೆಳಿಗ್ಗೆಯಿಂದ ಅವಳು ಆ ಕಂದು ಮುದ್ದೆಯ ಮುಂದೆ ಕೂತಳು. ಭೂತಗನ್ನಡಿಯಲ್ಲಿ ಒಂದೂ ಚೀಲ ಕಾಣಲಿಲ್ಲ. ಒಂದು ಕಡೆ ಎಲೆಗಳು ಎದುರುಬದುರಾಗಿವೆ ಅನ್ನಿಸಿತು. ಇನ್ನೊಂದು ಕಡೆ ಹಾಗೆ ಅನ್ನಿಸಲಿಲ್ಲ, ಆದರೆ ಅಲ್ಲಿ ಕಾಂಡ ತಿರುಚಿಕೊಂಡಿತ್ತು. ಕೆರೆಗೆ ಬಸ್ಸಿನಲ್ಲಿ ಹೋದರೆ ಕಾಲು ಗಂಟೆ. ಎದ್ದು ಹೋಗಬಹುದಿತ್ತು. ಹೋದರೆ ಮಾವನ ಮುಖ ನೋಡಬೇಕು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಇಲ್ಲಿಯ ಗಿಡ ಅಂತ ಬರೆದು, ನಾಳೆ ಆ ದೋಣಿಯವನು ಇವಳ ಸ್ವಂತ ಸೋದರಮಾವ ಅಂತ ಗೊತ್ತಾದರೆ? ಹಾಳೆಯಕ್ಕನ ಕೈಗೆ ಪೆನ್ನು ಕೊಟ್ಟರೆ ನೆಂಟರಿಗೆ ಸಹಿ ಹಾಕಿದಳು ಅನ್ನುವುದಿಲ್ಲವೇ? ತನ್ನವರ ಪರವಾಗಿ ತೂಗಬಾರದು ಅಂದುಕೊಂಡಳು. ಹಾಗಂದುಕೊಂಡು ತಕ್ಕಡಿಯನ್ನು ಎದುರು ಕಡೆಗೆ ಅವಳೇ ಬಾಗಿಸಿದಳು. ಅದನ್ನೇ ನ್ಯಾಯ ಅಂತ ನಂಬಿಕೊಂಡಳು.

‘ಬೀಸಣಿಗೆ ಕಳೆ. ಹೊರಗಿನಿಂದ ಬಂದದ್ದು.’ ಬರೆದು ಸಹಿ ಹಾಕಿದಳು.

“ಖಾತ್ರಿನಾ?” ಅಂದರು ನಿರ್ದೇಶಕರು.

“ಖಾತ್ರಿ ಸರ್.”

ಆರನೇ ದಿನ ಯಂತ್ರ ಕೆರೆಗೆ ಇಳಿಯಿತು. ಮನೆಯಲ್ಲಿ ಅಮ್ಮ, “ನನ್ನ ತಮ್ಮ ನಿನ್ನ ಆಫೀಸಿಗೆ ಬಂದಿದ್ನಂತೆ?” ಅಂದಳು.

“ಬಂದಿದ್ರು. ಏನಂದ್ರು?”

“ಏನೂ ಅನ್ನಲಿಲ್ಲ. ನಿನಗೆ ದೊಡ್ಡ ಕುರ್ಚಿ ಇದೆ ಅಂದ. ಚಾ ಕೂಡ ಕುಡೀದೆ ಹೋದ.”

ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೆಲಸದ ಒತ್ತಡ ಮುಗಿದ ಮೇಲೆ, ಯಂತ್ರ ಇಳಿದ ನಾಲ್ಕನೇ ದಿನ, ಅವಳು ಆ ಎರಡು ಎಳೆಗಳನ್ನು ಹಾಳೆಗೆ ಏರಿಸಲು ಕೂತಳು. ನೀರಿನ ಗಿಡವನ್ನು ಹಾಗೇ ಅಂಟಿಸಲಾಗುವುದಿಲ್ಲ. ಬಿಸಿನೀರಿಗೆ ಒಂದು ಹನಿ ಸಾಬೂನು ಹಾಕಿ ನೆನೆಸಬೇಕು. ಮೆತ್ತಗಾದ ಮೇಲೆ ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು, ಕೆಳಗಿನಿಂದ ಹಾಳೆ ತೂರಿಸಿ, ಎಲೆಗಳು ಹರಡಿಕೊಂಡಂತೆ ಮೆಲ್ಲಗೆ ಎತ್ತಬೇಕು. ಇಪ್ಪತ್ತೆರಡು ವರ್ಷದ ಕೈಚಳಕ ಅದು. ಪರೀಕ್ಷೆಯಲ್ಲಿ ಯಾರೂ ಕೇಳದ ವಿದ್ಯೆ.

ನೀರು ಕುಡಿದ ಮುದ್ದೆ ಬಿಚ್ಚಿಕೊಂಡಿತು. ಕಂದು ಎಳೆಗಳು ಒಂದೊಂದಾಗಿ ಕೈಚಾಚಿದವು. ಒಂದು ಅತ್ತ, ಒಂದು ಇತ್ತ. ಎಲ್ಲೂ ಜೋಡಿಯಿಲ್ಲ. ಚಿಮಟದಲ್ಲಿ ಒಂದು ಎಲೆ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸೀಳಿನ ಸಂದಿಯಲ್ಲಿ ಚಪ್ಪಟೆಯಾದ ಒಂದು ಚೀಲ. ಪಕ್ಕದಲ್ಲಿ ಇನ್ನೊಂದು. ಮೂರನೆಯದರ ಬಾಯಲ್ಲಿ ಬಾಗಿಲು, ಬಾಗಿಲ ಮುಂದೆ ಕೂದಲು, ಎಲ್ಲವೂ ಸರಿಯಾಗಿತ್ತು. ಒಳಗೆ ಅರ್ಧ ಕರಗಿದ ಸೊಳ್ಳೆ ಮರಿ.

ಸಹಿ ಹಾಕುವ ಮೊದಲೇ ನೆನೆಸಿ ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಅಂಟಿಸುವವಳಾಗಿದ್ದಾಗ ಯಾವ ಗಿಡವನ್ನೂ ಅವಳು ನೆನೆಸದೆ ಮುಟ್ಟಿದವಳಲ್ಲ. ತಜ್ಞೆಯಾದ ಮೇಲೆ ಅದು ಕೈಕೆಲಸ ಅನ್ನಿಸಿ, ಆಮೇಲೆ ಮಾಡಿದರಾಯಿತು ಅಂದುಕೊಂಡಿದ್ದಳು.

ಓಡುತ್ತಲೇ ನಿರ್ದೇಶಕರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಖಾತ್ರಿನಾ ಅಂತ ಕೇಳಿದ್ದೆ ನಾನು.”

“ತಪ್ಪು ನನ್ನದೇ ಸರ್. ಈಗಲೇ ಒಂದು ಫೋನು ಮಾಡಿ ನಿಲ್ಲಿಸಿ ಅಂದ್ರೆ...”

“ಫೋನಲ್ಲಿ ಕೆಲಸ ಶುರುವಾಗಿಲ್ಲ, ಫೋನಲ್ಲಿ ನಿಲ್ಲೋದೂ ಇಲ್ಲ. ತಿದ್ದುಪಡಿ ಬರೆದು ಕೊಡಿ. ಸಮಿತಿ ಮುಂದೆ ಇಡೋಣ.”

“ಸಮಿತಿ ಯಾವಾಗ ಸರ್?”

“ತಿಂಗಳ ಕೊನೆಗೆ.”

“ಅಷ್ಟರಲ್ಲಿ ಕೆರೆ ಎಲ್ಲಿರತ್ತೆ ಸರ್?”

“ಕೆರೆ ಅಲ್ಲೇ ಇರತ್ತಮ್ಮ” ಅಂದರು ಅವರು ಬೇಸರದಿಂದ. “ಕೂತ್ಕೊಳ್ಳಿ, ನೀರು ಕುಡೀರಿ. ಮೊದಲ ವರ್ಷ ಎಲ್ಲರಿಗೂ ಹೀಗಾಗತ್ತೆ.”

ಅವಳು ಕೂರಲಿಲ್ಲ. ಬಸ್ಸು ಹತ್ತಿದಳು.

ಕೆರೆಯ ಮುಂಭಾಗ ಆಗಲೇ ಬೋಳಾಗಿತ್ತು. ಹಳದಿ ಯಂತ್ರವೊಂದು ನೀರಿನ ಮೇಲೆ ತೇಲುತ್ತಾ, ಹಲ್ಲುಗಳಿಂದ ಹಸಿರನ್ನು ಎಳೆದು ದಡಕ್ಕೆ ಸುರಿಯುತ್ತಿತ್ತು. ದಡದುದ್ದಕ್ಕೂ ಆಳೆತ್ತರದ ರಾಶಿ, ಕೊಳೆತ ನಾತ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನಗರಸಭೆಯ ಎಂಜಿನಿಯರ್ ಕೂತಿದ್ದ. ಇನ್ನೂ ಎಳೇ ವಯಸ್ಸಿನವನು.

“ಕೆಲಸ ನಿಲ್ಲಿಸಿ. ಇದು ಕಳೆ ಅಲ್ಲ. ಇದು ಇಲ್ಲಿಯ ಗಿಡ” ಅಂದಳು ಏದುಸಿರು ಬಿಡುತ್ತಾ.

ಅವನು ನಗುತ್ತಲೇ ಚೀಲದಿಂದ ಒಂದು ಜೆರಾಕ್ಸ್ ತೆಗೆದ. “ಮೇಡಂ, ದಿನಾ ಒಬ್ಬರು ಬಂದು ಹೀಗೇ ಅಂತಾರೆ. ನೋಡಿ, ತಜ್ಞರು ಬರೆದುಕೊಟ್ಟಿದ್ದಾರೆ. ಹೊರಗಿನ ಕಳೆ. ಸಹಿ ಇದೆ, ಮೊಹರಿದೆ.”

“ಆ ಸಹಿ ನನ್ನದೇ.”

ಅವನು ಕಾಗದವನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. ನಗು ನಿಂತಿತು. “ಹಾಗಾದ್ರೆ ಅಲ್ಲ ಅಂತ ಇನ್ನೊಂದು ಕಾಗದ ತನ್ನಿ ಮೇಡಂ. ನೀವೇ ಬರೆದಿದ್ದನ್ನ ನಿಮ್ಮ ಬಾಯಿಮಾತು ನಂಬಿ ಬಿಟ್ರೆ ನಾಳೆ ನನ್ನ ಕೆಲಸ ಹೋಗತ್ತೆ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ರಾಶಿಗಳ ಆಚೆ ಮಾವ ದೋಣಿಯ ಅಂಚಿನ ಮೇಲೆ ಕೂತಿದ್ದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ನಡೆದುಹೋದಳು. “ಮಾವ, ನನ್ನ ಕೈಯಲ್ಲಿ ತಪ್ಪಾಗಿಹೋಯ್ತು. ನೀನು ಹೇಳಿದ್ದೇ ಸರಿ. ಹಿಂಬದಿ ಮೂಲೆಗೆ ಒಂದ್ಸಲ ಕರ್ಕೊಂಡು ಹೋಗು. ಉಳಿದಿದ್ರೆ ಒಂದಿಷ್ಟು ತಗೊಂಡು ಬಚಾವು ಮಾಡ್ತೀನಿ.”

ಮಾವ ಎದ್ದು ನಿಂತ. ದೋಣಿಯನ್ನು ನೀರಿಗೆ ತಳ್ಳಿ, ಹಲಗೆಯನ್ನು ಟವೆಲಿನಿಂದ ಒರೆಸಿದ. “ಹತ್ತಿ ಮೇಡಂ. ಹುಷಾರು, ಜಾರತ್ತೆ” ಅಂದ.

ಅವಳು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ‘ನೀನು’ ಬಿಟ್ಟು ಬೇರೆ ಕೇಳಿದವಳಲ್ಲ. ಕೊಂಕಿನ ದನಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅದರಲ್ಲಿ ಕೊಂಕು ಇರಲಿಲ್ಲ. ಯಾವ ಆಫೀಸಿನಿಂದ ಯಾರು ಬಂದಿದ್ದರೂ ಅವನು ಹಾಗೇ ಅನ್ನುತ್ತಿದ್ದ.

“ಮಾವ, ಹಾಗನ್ಬೇಡ” ಅಂದಳು.

“ಬಲಗಡೆ ಕೂತ್ಕೊಳ್ಳಿ. ಎಡಗಡೆ ಸ್ವಲ್ಪ ಸೋರತ್ತೆ” ಅಂದ. ಹುಟ್ಟು ಹಾಕತೊಡಗಿದ.

ಹಿಂಬದಿ ಮೂಲೆಯಲ್ಲಿ ಯಂತ್ರ ಇನ್ನೂ ಬಂದಿರಲಿಲ್ಲ. ಅಲ್ಲಿ ಔಷಧಿಯೇ ಮೊದಲು ಬಿದ್ದಿತ್ತು. ನೀರಿನೊಳಗೆ ಕೈ ಹಾಕಿ ಎತ್ತಿದರೆ ಎಲೆಗಳು ಬೆರಳುಗಳ ನಡುವೆ ಲೋಳೆಯಾಗಿ ಜಾರುತ್ತಿದ್ದವು. ಹಳದಿ ಹೂವಿನ ದಂಟುಗಳು ಒಂದರ ಮೇಲೊಂದು ಮಲಗಿದ್ದವು. ಅವಳು ದೋಣಿಯಿಂದ ಅರ್ಧ ಹೊರಗೆ ಬಾಗಿ, ಸೀರೆಯೆಲ್ಲ ನೆನೆದರೂ ಬಿಡದೆ, ಒಂದು ಗಂಟೆ ಹುಡುಕಿದಳು. ಜೊಂಡಿನ ಬುಡದಲ್ಲಿ, ಔಷಧಿ ತಲುಪದ ಕಡೆ, ಇನ್ನೂ ಹಸಿರಾಗಿದ್ದ ಒಂದು ಗೇಣುದ್ದದ ಎಳೆ ಸಿಕ್ಕಿತು. ಊಟದ ಡಬ್ಬಿಗೆ ಹಾಕಿಕೊಂಡಳು.

“ಈ ಕೆರೆ ನೀರಲ್ಲಿ ಔಷಧಿ ಇದೆ. ಮನೆ ನಲ್ಲಿ ನೀರಲ್ಲೂ ಅದು ಬದುಕಲ್ಲ ಮೇಡಂ” ಅಂದ ಮಾವ. “ಮಳೆನೀರು ಹಾಕಿ ನೋಡಿ.”

ಮಳೆ ಬರಲು ಇನ್ನೂ ಎರಡು ತಿಂಗಳಿತ್ತು. ಅವಳು ಭಟ್ಟಿ ಇಳಿಸಿದ ನೀರು ತಂದಳು, ಬಾವಿ ನೀರು ತಂದಳು, ಗಾಜಿನ ಪಾತ್ರೆಯನ್ನು ಕಿಟಕಿಯಿಂದ ಕಿಟಕಿಗೆ ಬದಲಿಸಿದಳು. ಅಮ್ಮ, “ಹೆತ್ತ ಮಗೂನ ನೋಡ್ಕೊಂಡ ಹಾಗೆ ನೋಡ್ಕೊಳ್ತೀಯಲ್ಲೇ” ಅಂದಳು. ಒಂಬತ್ತನೇ ದಿನಕ್ಕೆ ಅದು ಕಂದಾಗಿ ತಳಕ್ಕೆ ಕೂತಿತು.

ತಿಂಗಳ ಕೊನೆಗೆ ಸೇರಬೇಕಿದ್ದ ಸಮಿತಿ ಮುಂದಿನ ತಿಂಗಳಿಗೆ ಹೋಯಿತು. ಸೇರಿದಾಗ ಅವಳ ತಿದ್ದುಪಡಿಯನ್ನು ಓದಿ, ‘ಗಮನಿಸಲಾಗಿದೆ’ ಅಂತ ಬರೆದರು. ಯಾರೂ ಅವಳನ್ನು ಬೈಯಲಿಲ್ಲ, ವಿವರಣೆ ಕೇಳಲಿಲ್ಲ, ಅಧಿಕಾರ ಕಿತ್ತುಕೊಳ್ಳಲಿಲ್ಲ. ಶಿಕ್ಷೆಗೆಂದು ಬೆನ್ನು ಕೊಟ್ಟು ನಿಂತವಳನ್ನು ಯಾರೂ ತಿರುಗಿಯೂ ನೋಡದೆ ಚಾ ಕುಡಿಯಲು ಹೋದ ಹಾಗಾಯಿತು. ಅಷ್ಟರಲ್ಲಿ ಕೆರೆ ಶುದ್ಧವಾಗಿತ್ತು. ಸುತ್ತ ಕಲ್ಲು ಹಾಸಿದರು, ಬೆಂಚು ಹಾಕಿದರು. ಮರುವರ್ಷ ಅಲ್ಲಿ ಸಂಜೆ ಹೊತ್ತು ಸೊಳ್ಳೆ ಕಾಟಕ್ಕೆ ಯಾರಿಗೂ ಕೂರಲಾಗುತ್ತಿರಲಿಲ್ಲ. ಅದಕ್ಕೂ ಒಂದು ಔಷಧಿ ತರಿಸಿದರು.

ಮೀನುಮರಿ ಅಡಗಿ ಬೆಳೆಯುತ್ತಿದ್ದದ್ದು ಆ ಪಾಚಿಯ ನಡುವೆ. ಮೀನು ಕಡಿಮೆಯಾದ ಮೇಲೆ ಮಾವ ದೋಣಿಯನ್ನು ಮಾರಿ, ಮಾರುಕಟ್ಟೆಯ ಹಿಂದಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಗೋಣಿ ಹೊರುವ ಕೆಲಸಕ್ಕೆ ಸೇರಿದ. ಅರವತ್ತೊಂದನೇ ವಯಸ್ಸಿನಲ್ಲಿ.

ಅವಳು ಈಗಲೂ ಸಹಿ ಹಾಕುತ್ತಾಳೆ. ಆದರೆ ಯಾವ ಹೊಂಡದ ಗಿಡ ಬಂದರೂ ಹೊಂಡಕ್ಕೇ ಹೋಗಿ, ಸೀರೆ ಎತ್ತಿಕಟ್ಟಿ ನೀರಿಗಿಳಿದು ನೋಡಿದ ಹೊರತು ಬರೆಯುವುದಿಲ್ಲ. ಒಂದು ಕಾಗದಕ್ಕೆ ಹದಿನೈದು ದಿನ. ಕೆಲಸ ನಿಧಾನ ಅಂತ ಮೇಲಿನವರಿಂದ ಎರಡು ಸಲ ನೋಟೀಸು ಬಂದಿದೆ. ಅಂದು ಅವಸರದಲ್ಲಿ ಬರೆದದ್ದಕ್ಕೆ ಬಾರದ ನೋಟೀಸು ಈಗ ಬಂತಲ್ಲ ಅಂತ ಅವಳೊಬ್ಬಳೇ ನಕ್ಕಳು. ಆ ನಗುವಿನಲ್ಲಿ ಸಿಹಿ ಏನೂ ಇರಲಿಲ್ಲ.

ಮಾವ ಅಕ್ಕನನ್ನು ನೋಡಲು ಮನೆಗೆ ಬರುವುದನ್ನು ಬಿಡಲಿಲ್ಲ. ಬರುವುದು ಮಾತ್ರ ಅವಳು ಆಫೀಸಿನಲ್ಲಿರುವ ಹೊತ್ತಿಗೆ. ಸಂಜೆ ಬಂದಾಗ ಅಡುಗೆಮನೆಯಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿದ್ದು ಕಂಡರೆ, ಇವತ್ತು ಬಂದಿದ್ದ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅವಳು ಅಮ್ಮನಿಗೂ ಹೇಳದೆ ರಜೆ ಹಾಕಿ ಮನೆಯಲ್ಲೇ ಕೂತಳು.

ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಅವಳೇ ತೆಗೆದಳು. ಮಾವ ಸೊರಗಿದ್ದ. ಬೆರಳುಗಳ ಚರ್ಮ ಮಂಜಿಗೆ ಬಿಳಿಚಿ ಒಡೆದಿತ್ತು. ಅವಳನ್ನು ಕಂಡು ಒಂದು ಕ್ಷಣ ಹೊಸ್ತಿಲಾಚೆಯೇ ನಿಂತ.

“ಚೆನ್ನಾಗಿದ್ದೀರಾ?” ಅಂದ.

“ಒಳಗೆ ಬಾ ಮಾವ. ನಿನ್ನ ಕಾಲಿಗೆ ಬೀಳ್ತೀನಿ. ಒಂದ್ಸಲ ಬೈದುಬಿಡು.”

“ಅಯ್ಯೋ, ಬೈಯೋಕೇನಿದೆ? ಗಿಡದ ವಿಷಯದಲ್ಲಿ ಯಾರಿಗಾದ್ರೂ ತಪ್ಪಾಗತ್ತೆ” ಅಂದ. ಅವನ ದನಿ ಶಾಂತವಾಗಿತ್ತು. “ನನಗೇ ಚಿಕ್ಕಂದಿನಲ್ಲಿ ಎಷ್ಟೋ ಸಲ ಆಗಿದೆ. ಗಿಡ ನನ್ನ ಮನಸ್ಸಲ್ಲಿ ಇಲ್ಲವೇ ಇಲ್ಲ.”

ಮತ್ತೇನಿದೆ ಅಂತ ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅವನು ಒಳಗೆ ಬಂದು ಅಕ್ಕನ ಮಂಚದ ಪಕ್ಕ ಕೂತ. ಅಕ್ಕನ ಮಂಡಿನೋವು ವಿಚಾರಿಸಿದ, ಕಾರ್ಖಾನೆಯ ಯಜಮಾನನ ಜಿಪುಣತನದ ಕಥೆ ಹೇಳಿ ನಗಿಸಿದ. ಅವಳು ಚಾ ತಂದು ಮುಂದೆ ಹಿಡಿದಾಗ, ಹಿರಿಯರ ಎದುರು ಏಳುವ ಹಾಗೆ ಸ್ವಲ್ಪ ಎದ್ದು, ಎರಡೂ ಕೈ ಚಾಚಿ ಲೋಟ ತೆಗೆದುಕೊಂಡ.

“ನಿಮಗೆ ಯಾಕೆ ತೊಂದರೆ” ಅಂದ.

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಅಂದು ಆಫೀಸಿನ ಬಾಗಿಲಲ್ಲಿ ಏನು ನಡೆದಿತ್ತು ಅಂತ ಇವತ್ತಿಗೂ ಯಾರೂ ಅಮ್ಮನಿಗೆ ಹೇಳಿಲ್ಲ.